ಶಾಲಾ ವಾಕ್–ಶ್ರವಣ ತಜ್ಞರು: ಶಿಕ್ಷಣ, ನೋಂದಣಿ ಮತ್ತು ವೃತ್ತಿ ಅರ್ಹತೆ

ಮಾತು, ಭಾಷೆ ಅಥವಾ ಕೇಳುವಿಕೆಯಲ್ಲಿ ತೊಂದರೆಯಿರುವ ಶಾಲಾ ಮಕ್ಕಳನ್ನು ಪರೀಕ್ಷಿಸಿ, ಅವರಿಗೆ ಚಿಕಿತ್ಸೆ ಹಾಗೂ ತರಬೇತಿ ನೀಡಿ, ತರಗತಿಯ ಪಾಠ ಅವರಿಗೂ ದಕ್ಕುವಂತೆ ಶಿಕ್ಷಕರಿಗೆ ಮತ್ತು ಪೋಷಕರಿಗೆ ನೆರವಾಗುವ ವೃತ್ತಿಪರರೇ ಶಾಲಾ ವಾಕ್–ಶ್ರವಣ ತಜ್ಞರು. ಕೇಳುವಿಕೆಯನ್ನು ಅಳೆದು ಶ್ರವಣ ಸಾಧನ ಹೊಂದಿಸುವವರನ್ನು ಆಡಿಯಾಲಜಿಸ್ಟ್ ಎಂದೂ ಮಾತು–ಭಾಷೆಯ ತೊಂದರೆಗಳನ್ನು ನೋಡಿಕೊಳ್ಳುವವರನ್ನು ವಾಕ್ ಚಿಕಿತ್ಸಕರು ಅಥವಾ ಸ್ಪೀಚ್ ಥೆರಪಿಸ್ಟ್ ಎಂದೂ ಕರೆಯುವುದು ರೂಢಿ. ಭಾರತದಲ್ಲಿ ಈ ವೃತ್ತಿ ನಡೆಸಲು ಭಾರತೀಯ ಪುನರ್ವಸತಿ ಪರಿಷತ್ತು (ಆರ್‌ಸಿಐ) ಮಾನ್ಯ ಮಾಡಿದ ವಿದ್ಯಾರ್ಹತೆ ಇರಬೇಕು. ಪರಿಷತ್ತಿನ ಕೇಂದ್ರೀಯ ಪುನರ್ವಸತಿ ನೋಂದಣಿ ಪುಸ್ತಕದಲ್ಲಿ ಹೆಸರೂ ಇರಬೇಕು. ಆಸ್ಪತ್ರೆಗೂ ಶಾಲೆಗೂ ಇಲ್ಲಿ ಒಂದೇ ನೋಂದಣಿ. ಶಾಲೆಗೆಂದೇ ಬೇರೆ ಪರವಾನಗಿ ಇಲ್ಲ. ಈ ವ್ಯವಸ್ಥೆಯ ಅನುಕೂಲವೂ ಅದರ ದೊಡ್ಡ ಕೊರತೆಯೂ ಈ ಒಂದೇ ಅಂಶದಲ್ಲಿವೆ.

ಕೆಲಸದ ವ್ಯಾಪ್ತಿ

ಶಾಲೆಗೆ ಬರುವ ಮಕ್ಕಳಲ್ಲಿ ಕಂಡುಬರುವ ತೊಂದರೆಗಳು ಹಲವು ಬಗೆಯವು: ಹುಟ್ಟು ಕಿವುಡು, ಕಿವಿ ಸೋರುವುದರಿಂದ ಬರುವ ಮಂದ ಕೇಳುವಿಕೆ, ಉಗ್ಗು, ಉಚ್ಚಾರಣೆಯ ದೋಷ, ಸೀಳುತುಟಿ–ಸೀಳಂಗಳದಿಂದ ಮೂಗಿನಲ್ಲಿ ಹೊರಡುವ ಮಾತು, ತಡವಾದ ಭಾಷಾ ಬೆಳವಣಿಗೆ, ಆಟಿಸಂ ಅಥವಾ ಬೌದ್ಧಿಕ ನ್ಯೂನತೆಯ ಜೊತೆಗಿರುವ ಸಂವಹನದ ಕಷ್ಟ, ಓದು–ಬರಹದ ಕಲಿಕಾ ನ್ಯೂನತೆ. ಇವುಗಳಲ್ಲಿ ಕೆಲವು ಎಲ್ಲರ ಕಣ್ಣಿಗೂ ಬೀಳುತ್ತವೆ. ಕೆಲವನ್ನು ಶಾಲೆ ಸೋಮಾರಿತನವೆಂದೋ ಮೊಂಡುತನವೆಂದೋ ತಪ್ಪಾಗಿ ಎಣಿಸಿಬಿಡುತ್ತದೆ. ಒಂದೇ ಕಿವಿ ಕೇಳದ ಮಗು, ಅಥವಾ ನೆಗಡಿಯಾದಾಗಲೆಲ್ಲ ಮಧ್ಯಕಿವಿಯಲ್ಲಿ ನೀರು ತುಂಬಿಕೊಳ್ಳುವ ಮಗು ಎದುರು ನಿಂತು ಮಾತಾಡಿಸಿದರೆ ಸರಿಯಾಗಿಯೇ ಉತ್ತರಿಸುತ್ತದೆ. ಹಿಂದಿನ ಬೆಂಚಿನಲ್ಲಿ ಕೂತಾಗ ಅದೇ ಮಗುವಿಗೆ ಉಕ್ತಲೇಖನದ ಅರ್ಧ ಪದಗಳು ತಪ್ಪಿಹೋಗುತ್ತವೆ. ಇಂಥ ಮಗುವನ್ನು ಗುರುತಿಸುವುದು ತಜ್ಞರ ಮೊದಲ ಕೆಲಸ.

ಗುರುತಿಸುವ ವಿಧಾನ ಸರಳವಾಗಿ ಕಂಡರೂ ಅದಕ್ಕೆ ತಾಲೀಮು ಬೇಕು. ಶಾಲೆಯಲ್ಲಿ ಇದ್ದುದರಲ್ಲಿ ನಿಶ್ಶಬ್ದವಾದ ಕೋಣೆ ಹುಡುಕಿ, ಆಡಿಯೋಮೀಟರಿನ ಹೆಡ್‌ಫೋನ್ ಹಾಕಿಸಿ, 1000, 2000 ಮತ್ತು 4000 ಹರ್ಟ್ಸ್ ಕಂಪನಾಂಕದ ಮೆಲುದನಿಗಳನ್ನು ಒಂದೊಂದು ಕಿವಿಗೂ ಕೇಳಿಸುತ್ತಾರೆ. ದೊಡ್ಡ ಮಕ್ಕಳು ಕೈಯೆತ್ತಿ ಸೂಚಿಸುತ್ತಾರೆ. ಚಿಕ್ಕವರಿಗೆ ಅದನ್ನೇ ಆಟವಾಗಿಸಬೇಕು: ದನಿ ಕೇಳಿದಾಗಲೆಲ್ಲ ಒಂದು ಮಣಿಯನ್ನು ಡಬ್ಬಿಗೆ ಹಾಕು ಎಂದು ಕಲಿಸಬೇಕು. ಮಗು ಕೇಳಿ ಹಾಕುತ್ತಿದೆಯೋ, ಪರೀಕ್ಷಕರ ಕೈ ಗುಂಡಿಯ ಕಡೆ ಹೋದದ್ದನ್ನು ನೋಡಿ ಹಾಕುತ್ತಿದೆಯೋ ಎಂಬುದನ್ನು ತಿಳಿಯಲು ಅನುಭವವೇ ಬೇಕು. ಈ ಜರಡಿ ಪರೀಕ್ಷೆಯಲ್ಲಿ ತೊಂದರೆ ಕಂಡ ಮಕ್ಕಳನ್ನು ಧ್ವನಿನಿರೋಧಕ ಕೋಣೆಯ ಪೂರ್ಣ ಪರೀಕ್ಷೆಗೂ ಕಿವಿ–ಮೂಗು–ಗಂಟಲು ವೈದ್ಯರಲ್ಲಿಗೂ ಕಳಿಸುತ್ತಾರೆ.

ಹಿನ್ನೆಲೆ

ಶಾಲೆಯೊಳಗೆ ಮಾತಿನ ತೊಂದರೆ ತಿದ್ದುವವರನ್ನು ನೇಮಿಸುವ ಪದ್ಧತಿ ಅಮೆರಿಕದಲ್ಲಿ ಬೇಗನೆ ನೆಲೆಯೂರಿತು. ಚಿಕಾಗೊ ನಗರದ ಸಾರ್ವಜನಿಕ ಶಾಲೆಗಳು 1910ರಲ್ಲಿಯೇ ಇಂಥ ಶಿಕ್ಷಕರನ್ನು ತೆಗೆದುಕೊಂಡಿದ್ದವು. ಈಗ ಅಮೆರಿಕನ್ ಸ್ಪೀಚ್–ಲ್ಯಾಂಗ್ವೇಜ್–ಹಿಯರಿಂಗ್ ಅಸೋಸಿಯೇಷನ್ (ಆಶಾ) ಎಂದು ಹೆಸರಾಗಿರುವ ವೃತ್ತಿ ಸಂಘ ಆರಂಭವಾದದ್ದು 1925ರಲ್ಲಿ. ಎರಡನೇ ಮಹಾಯುದ್ಧದಲ್ಲಿ ಕೇಳುವಿಕೆ ಕಳೆದುಕೊಂಡು ಮರಳಿದ ಸೈನಿಕರ ಪುನರ್ವಸತಿಯ ಕೆಲಸದಿಂದ ಶ್ರವಣ ವಿಜ್ಞಾನ ಸ್ವತಂತ್ರ ಶಾಸ್ತ್ರವಾಗಿ ಬೆಳೆಯಿತು.

ಭಾರತದಲ್ಲಿ ಈ ವೃತ್ತಿಯ ಚರಿತ್ರೆ ಮೈಸೂರಿನೊಂದಿಗೆ ಬಿಡಿಸಲಾರದಂತೆ ಬೆಸೆದುಕೊಂಡಿದೆ. ಕೇಂದ್ರ ಆರೋಗ್ಯ ಸಚಿವಾಲಯದಡಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1966ರಲ್ಲಿ ಸ್ನಾತಕೋತ್ತರ ಪದವಿಯನ್ನೂ 1968ರಲ್ಲಿ ಸ್ನಾತಕ ಪದವಿಯನ್ನೂ ಆರಂಭಿಸಿತು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಈ ಸಂಸ್ಥೆ ಮೈಸೂರು ವಿಶ್ವವಿದ್ಯಾನಿಲಯದ ಸಂಯೋಜನೆಗೆ ಒಳಪಟ್ಟಿದೆ. ದೇಶದ ಅನೇಕ ವಾಕ್–ಶ್ರವಣ ವಿಭಾಗಗಳಲ್ಲಿ ಇಲ್ಲಿ ಕಲಿತವರು ಪಾಠ ಮಾಡಿದ್ದಾರೆ. 1983ರಲ್ಲಿ ಮುಂಬೈಯಲ್ಲಿ ಶ್ರವಣದೋಷವುಳ್ಳವರಿಗಾಗಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಹುಟ್ಟಿತು. ಕರ್ನಾಟಕದಲ್ಲಿ ಮಂಗಳೂರು ಮತ್ತು ಮಣಿಪಾಲದ ವೈದ್ಯಕೀಯ ಸಂಸ್ಥೆಗಳು, ಬೆಂಗಳೂರಿನ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆ, ಮೈಸೂರು ಹಾಗೂ ಧಾರವಾಡದ ಜೆ.ಎಸ್.ಎಸ್. ಸಂಸ್ಥೆಗಳು ಈ ಶಿಕ್ಷಣ ನೀಡುವ ಪ್ರಮುಖ ಕೇಂದ್ರಗಳು.

ಕಾನೂನಿನ ಚೌಕಟ್ಟು

ಪುನರ್ವಸತಿ ಪರಿಷತ್ತು 1986ರಲ್ಲಿ ನೋಂದಾಯಿತ ಸಂಘವಾಗಿ ಶುರುವಾಯಿತು. 1992ರಲ್ಲಿ ಸಂಸತ್ತು ಭಾರತೀಯ ಪುನರ್ವಸತಿ ಪರಿಷತ್ ಕಾಯ್ದೆಯನ್ನು ಅಂಗೀಕರಿಸಿತು. 1993ರ ಜೂನ್‌ನಲ್ಲಿ ಪರಿಷತ್ತು ಶಾಸನಬದ್ಧ ಸಂಸ್ಥೆಯಾಯಿತು. ಕಾಯ್ದೆ ಹೆಸರಿಸುವ ಪುನರ್ವಸತಿ ವೃತ್ತಿಪರರ ಪಟ್ಟಿಯಲ್ಲಿ ಆಡಿಯಾಲಜಿಸ್ಟ್ ಮತ್ತು ಸ್ಪೀಚ್ ಥೆರಪಿಸ್ಟರದೇ ಮೊದಲ ಸ್ಥಾನ. ಅಂಗವಿಕಲ ಮಕ್ಕಳಿಗೆ ಕಲಿಸುವ ವಿಶೇಷ ಶಿಕ್ಷಕರು, ಶ್ರವಣ ಸಾಧನ ಹಾಗೂ ಅದನ್ನು ಕಿವಿಯಲ್ಲಿ ಕೂರಿಸುವ ಕಿವಿ ಅಚ್ಚಿನ ತಂತ್ರಜ್ಞರು ಕೂಡ ಅದೇ ಪಟ್ಟಿಯಲ್ಲಿದ್ದಾರೆ. ನೋಂದಣಿಯಿಲ್ಲದೆ ವೃತ್ತಿ ನಡೆಸಿದರೆ 1 ವರ್ಷದವರೆಗಿನ ಸೆರೆವಾಸ, 1000 ರೂಪಾಯಿವರೆಗಿನ ದಂಡ, ಅಥವಾ ಎರಡನ್ನೂ ವಿಧಿಸಬಹುದು.

ಮಗುವಿನ ಹಕ್ಕನ್ನು ಹೇಳುವ ಕಾನೂನು ಬೇರೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಎರಡೂ ಕಿವಿಗಳಲ್ಲಿ ಮಾತಿನ ಕಂಪನಾಂಕಗಳಲ್ಲಿ 70 ಡೆಸಿಬೆಲ್ ನಷ್ಟವಿದ್ದರೆ ಕಿವುಡು, 60ರಿಂದ 70 ಡೆಸಿಬೆಲ್ ಇದ್ದರೆ ಮಂದ ಕೇಳುವಿಕೆ ಎಂಬುದು ಅದರ ವ್ಯಾಖ್ಯೆ. ನಿಗದಿತ ಮಟ್ಟದ ನ್ಯೂನತೆಯಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಪಡೆಯುವ ಹಕ್ಕನ್ನು ಈ ಕಾಯ್ದೆ ಕೊಡುತ್ತದೆ. ಶಿಕ್ಷಣ ಸಂಸ್ಥೆಗಳು ಸಮನ್ವಯ ಶಿಕ್ಷಣ ನೀಡಬೇಕೆಂದು ವಿಧಿಸುತ್ತದೆ. ಇಲ್ಲಿ ಶಾಲೆಗಳು ನೆನಪಿಡಬೇಕಾದ ಮಾತೊಂದಿದೆ. 45 ಡೆಸಿಬೆಲ್ ನಷ್ಟವಿರುವ ಮಗುವಿಗೆ ಕಾನೂನಿನ ವ್ಯಾಖ್ಯೆಯಂತೆ ಅಂಗವೈಕಲ್ಯದ ಪ್ರಮಾಣಪತ್ರ ಸಿಗದೆ ಹೋಗಬಹುದು; ತರಗತಿಯಲ್ಲಿ ಅದು ಅನುಭವಿಸುವ ಕಷ್ಟ ಮಾತ್ರ ಕಡಿಮೆಯದಲ್ಲ. ಅಂಗವೈಕಲ್ಯದ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇದ್ದವರಿಗಷ್ಟೇ ನೆರವು ಎಂದುಕೊಂಡರೆ ಇಂಥ ಮಕ್ಕಳು ಪೂರ್ತಿ ಕೈತಪ್ಪಿಹೋಗುತ್ತಾರೆ.

ಪದವಿ ಮತ್ತು ಡಿಪ್ಲೊಮಾಗಳು

ವೃತ್ತಿಗೆ ಪ್ರವೇಶ ಕೊಡುವ ಮುಖ್ಯ ಪದವಿ ಬಿಎಎಸ್‌ಎಲ್‌ಪಿ, ಅಂದರೆ ಶ್ರವಣ ವಿಜ್ಞಾನ ಮತ್ತು ವಾಕ್–ಭಾಷಾ ದೋಷ ವಿಜ್ಞಾನದ ಸ್ನಾತಕ ಪದವಿ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರದ ಜೊತೆ ಜೀವಶಾಸ್ತ್ರ ಅಥವಾ ಗಣಿತದಂಥ ವಿಷಯ ಓದಿದವರು ಇದಕ್ಕೆ ಸೇರಬಹುದು. ಒಟ್ಟು 4 ವರ್ಷ: 6 ಸೆಮಿಸ್ಟರುಗಳ ಪಾಠ, ಆಮೇಲೆ 1 ವರ್ಷದ ಇಂಟರ್ನ್‌ಶಿಪ್. ಕಿವಿ ಮತ್ತು ಧ್ವನಿಪೆಟ್ಟಿಗೆಯ ಅಂಗರಚನೆ, ಶಬ್ದದ ಭೌತಶಾಸ್ತ್ರ, ಭಾಷಾವಿಜ್ಞಾನ, ಮನೋವಿಜ್ಞಾನ, ಎಲೆಕ್ಟ್ರಾನಿಕ್ಸ್, ಸಂಖ್ಯಾಶಾಸ್ತ್ರ ಇವೆಲ್ಲವನ್ನೂ ಒಂದೇ ಪದವಿ ಒಳಗೊಳ್ಳುತ್ತದೆ. ಈ ಪದವೀಧರರು ಎರಡೂ ಕ್ಷೇತ್ರಗಳಲ್ಲಿ ಕೆಲಸ ಮಾಡಬಹುದು. ಒಂದನ್ನೇ ಆಳವಾಗಿ ಕಲಿಯಬಯಸುವವರಿಗೆ 2 ವರ್ಷದ ಎಂ.ಎಸ್ಸಿ. ಪದವಿಗಳು ಆಡಿಯಾಲಜಿಗೆ ಬೇರೆ, ವಾಕ್–ಭಾಷಾ ದೋಷ ವಿಜ್ಞಾನಕ್ಕೆ ಬೇರೆ ಇವೆ.

ಇದಕ್ಕೆ ಸಮಾನಾಂತರವಾಗಿ ಎರಡು ದಾರಿಗಳಿವೆ. 1 ವರ್ಷದ ಡಿಎಚ್‌ಎಲ್‌ಎಸ್ ಡಿಪ್ಲೊಮಾ ಪಡೆದವರು ಶ್ರವಣ–ಭಾಷಾ–ವಾಕ್ ಸಹಾಯಕರಾಗಿ, ತಜ್ಞರ ಮಾರ್ಗದರ್ಶನದಲ್ಲಿ ಜರಡಿ ಪರೀಕ್ಷೆ ಮತ್ತು ನಿತ್ಯದ ಅಭ್ಯಾಸಗಳನ್ನು ನಡೆಸುತ್ತಾರೆ. ಎರಡನೆಯದು ವಿಶೇಷ ಶಿಕ್ಷಣದ ದಾರಿ: ಶ್ರವಣದೋಷವನ್ನು ವಿಶೇಷ ವಿಷಯವಾಗಿ ಓದುವ ಡಿ.ಎಡ್. ಹಾಗೂ ಬಿ.ಎಡ್. ವಿಶೇಷ ಶಿಕ್ಷಣ. ಈ ಎರಡನೆಯ ಗುಂಪಿನವರು ಶಿಕ್ಷಕರು. ಪರಿಷತ್ತಿನಲ್ಲಿ ವಿಶೇಷ ಶಿಕ್ಷಕರೆಂದು ಹೆಸರು ನೋಂದಾಯಿಸುತ್ತಾರೆ. ಸರ್ಕಾರಿ ಶಾಲೆಯ ಹುದ್ದೆಗೆ ಇವರು ಶಿಕ್ಷಕರ ಅರ್ಹತಾ ಪರೀಕ್ಷೆಯನ್ನೂ (ಟಿಇಟಿ) ದಾಟಬೇಕಾಗುತ್ತದೆ. ಕೇಳುವಿಕೆಯ ನಕ್ಷೆಯಾದ ಆಡಿಯೋಗ್ರಾಂ ತೆಗೆದು ಶ್ರವಣ ಸಾಧನವನ್ನು ಹೊಂದಿಸುವುದು ಇವರ ಕೆಲಸವಲ್ಲ. ಹಾಗೆಯೇ ಗಣಿತ, ಸಮಾಜ ವಿಜ್ಞಾನಗಳನ್ನು ಮಗುವಿಗೆ ಒಗ್ಗುವಂತೆ ಕಲಿಸುವುದು ಆಡಿಯಾಲಜಿಸ್ಟರ ಕೆಲಸವಲ್ಲ. ಇಬ್ಬರೂ ಬೇಕು. ಒಬ್ಬರಿದ್ದರೆ ಇನ್ನೊಬ್ಬರು ಬೇಡವೆಂದು ಎಣಿಸುವ ಶಾಲೆ ಮಗುವಿಗೆ ಅರ್ಧ ನೆರವನ್ನಷ್ಟೇ ಕೊಡುತ್ತದೆ.

ಪ್ರಾಯೋಗಿಕ ತರಬೇತಿ

ಈ ವೃತ್ತಿಯ ಜೀವಾಳ ಮೇಲ್ವಿಚಾರಣೆಯಲ್ಲಿ ನಡೆಯುವ ಕ್ಲಿನಿಕ್ ಅಭ್ಯಾಸ. ವಿದ್ಯಾರ್ಥಿ ಮೊದಲು ಹಿರಿಯರು ಮಾಡುವುದನ್ನು ನೋಡುತ್ತಾನೆ. ಆಮೇಲೆ ಮಗುವಿನ ಪೂರ್ವವೃತ್ತ ಬರೆದುಕೊಳ್ಳುತ್ತಾನೆ, ಪಾಠದ ಯೋಜನೆ ಹಾಕುತ್ತಾನೆ, ಮೇಲ್ವಿಚಾರಕರ ಕಣ್ಣೆದುರಿನಲ್ಲಿ ಚಿಕಿತ್ಸೆ ನಡೆಸುತ್ತಾನೆ. ಇಂಟರ್ನ್‌ಶಿಪ್ ವರ್ಷದಲ್ಲಿ ಆಸ್ಪತ್ರೆ, ವಿಶೇಷ ಶಾಲೆ, ಗ್ರಾಮೀಣ ಶಿಬಿರಗಳ ಅನುಭವ ದೊರೆಯುತ್ತದೆ. ಮೈಸೂರಿನ ಸಂಸ್ಥೆಯ ಆವರಣದಲ್ಲಿ ಸಂವಹನ ನ್ಯೂನತೆಯಿರುವ ಮಕ್ಕಳಿಗೆಂದೇ ಶಾಲಾಪೂರ್ವ ಕೇಂದ್ರವಿದೆ. ಮಗುವಿನ ಜೊತೆ ತಾಯಿಯೂ ಕಲಿತು, ಮನೆಯ ಅಡುಗೆ, ಸ್ನಾನ, ಸಂತೆಯ ಮಾತುಗಳಲ್ಲೇ ಭಾಷೆಯನ್ನು ಬೆಳೆಸುವುದು ಇಂಥ ಕೇಂದ್ರಗಳ ರೀತಿ.

ಶ್ರವಣ ಸಾಧನ ಅಥವಾ ಒಳಕಿವಿಯಲ್ಲಿ ಅಳವಡಿಸಿದ ಕಾಕ್ಲಿಯರ್ ಇಂಪ್ಲಾಂಟ್ ಇರುವ ಮಗು ಶಾಲೆಗೆ ಬಂದಾಗ ತಜ್ಞರು ಶಿಕ್ಷಕರಿಗೆ ಕಲಿಸಿಕೊಡುವ ಒಂದು ಪರೀಕ್ಷೆ ಈ ತರಬೇತಿಯ ಮಹತ್ವವನ್ನು ತೋರಿಸುತ್ತದೆ. ಬೆಳಿಗ್ಗೆ ಪಾಠಕ್ಕೆ ಮುಂಚೆ, ಬಾಯಿ ಮಗುವಿಗೆ ಕಾಣದಂತೆ ಮರೆಮಾಡಿ, 'ಮ್', 'ಊ', 'ಆ', 'ಈ', 'ಶ್', 'ಸ್' ಎಂಬ ಆರು ದನಿಗಳನ್ನು ಒಂದೊಂದಾಗಿ ಹೇಳಬೇಕು. ಮಗು ಕೇಳಿದ್ದನ್ನು ಹಾಗೆಯೇ ಮರುನುಡಿಯಬೇಕು. ಡೇನಿಯಲ್ ಲಿಂಗ್ ರೂಪಿಸಿದ ಈ ಆರು ದನಿಗಳು ಮಾತಿನ ತಗ್ಗು ಸ್ವರದಿಂದ ಎತ್ತರದ ಸ್ವರದವರೆಗಿನ ಹರವನ್ನು ಮುಟ್ಟುತ್ತವೆ. ಒಂದೂ ಕೇಳದಿದ್ದರೆ ಬ್ಯಾಟರಿ ಮುಗಿದಿರಬಹುದು. ನಿನ್ನೆಯವರೆಗೆ ಕೇಳಿದ 'ಸ್' ಇಂದು ಕೇಳದಿದ್ದರೆ ಕಿವಿ ಅಚ್ಚಿನ ರಂಧ್ರದಲ್ಲಿ ಗುಗ್ಗೆ ಕಟ್ಟಿರಬಹುದು, ಅಥವಾ ಸಾಧನದ ಹೊಂದಾಣಿಕೆ ಬದಲಿಸಬೇಕಿರಬಹುದು. ಸಾಧನ ಸಿಳ್ಳೆ ಹೊಡೆಯುತ್ತಿದ್ದರೆ ಮಗುವಿನ ಕಿವಿ ಬೆಳೆದು ಅಚ್ಚು ಸಡಿಲವಾಗಿರಬಹುದು; ಹಾಗಿದ್ದರೆ ಹೊಸ ಅಳತೆ ಕೊಡಿಸಬೇಕು. ಎರಡು ನಿಮಿಷದ ಈ ಕೆಲಸ ತಪ್ಪಿದರೆ ಮಗುವಿನ ಇಡೀ ದಿನದ ಪಾಠ ಹೋಯಿತು.

ನೋಂದಣಿ ಮತ್ತು ನವೀಕರಣ

ಪದವಿ ಮುಗಿಸಿದವರು ಅಂಕಪಟ್ಟಿ, ಪದವಿ ಪ್ರಮಾಣಪತ್ರ, ಇಂಟರ್ನ್‌ಶಿಪ್ ಪೂರೈಸಿದ ದಾಖಲೆಗಳೊಂದಿಗೆ ಪರಿಷತ್ತಿಗೆ ಆನ್‌ಲೈನ್ ಅರ್ಜಿ ಹಾಕುತ್ತಾರೆ. ಓದಿದ ಸಂಸ್ಥೆಗೂ ಪಠ್ಯಕ್ರಮಕ್ಕೂ ಪರಿಷತ್ತಿನ ಮಾನ್ಯತೆ ಇರಲೇಬೇಕು. ಇಲ್ಲವಾದರೆ ಪದವಿಯಿದ್ದರೂ ನೋಂದಣಿ ಸಿಗದು. ಹಾಗಾಗಿ ಕೋರ್ಸಿಗೆ ಸೇರುವ ಮುನ್ನವೇ ಮಾನ್ಯ ಸಂಸ್ಥೆಗಳ ಪಟ್ಟಿಯನ್ನು ಪರಿಷತ್ತಿನ ಜಾಲತಾಣದಲ್ಲಿ ನೋಡಿಕೊಳ್ಳುವುದು ವಿದ್ಯಾರ್ಥಿಗಳ ಹಿತಕ್ಕೆ ಒಳ್ಳೆಯದು. ಅರ್ಜಿ ಒಪ್ಪಿಗೆಯಾದ ಮೇಲೆ ನೋಂದಣಿ ಸಂಖ್ಯೆ ಮತ್ತು ಪ್ರಮಾಣಪತ್ರ ದೊರೆಯುತ್ತವೆ. ಅಮೆರಿಕದಲ್ಲಿರುವಂತೆ ಪದವಿಯ ನಂತರ ಬೇರೊಂದು ರಾಷ್ಟ್ರಮಟ್ಟದ ಪರೀಕ್ಷೆ ಇಲ್ಲಿಲ್ಲ.

ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಅದಕ್ಕೆ ಪರಿಷತ್ತು ಒಪ್ಪಿದ ಕಾರ್ಯಾಗಾರ, ವಿಚಾರಸಂಕಿರಣಗಳಲ್ಲಿ ಪಾಲ್ಗೊಂಡು ಮುಂದುವರಿಕೆ ಶಿಕ್ಷಣದ ಅಂಕಗಳನ್ನು ಗಳಿಸಿರಬೇಕು. ಶ್ರವಣ ಸಾಧನಗಳ ತಂತ್ರಜ್ಞಾನ ಬೇಗ ಬದಲಾಗುವ ಕ್ಷೇತ್ರದಲ್ಲಿ ಈ ನಿಯಮ ಅಗತ್ಯವಾದುದು. ಪೋಷಕರಿಗೂ ಶಾಲಾ ಆಡಳಿತಕ್ಕೂ ಒಂದು ಮಾತು ತಿಳಿದಿರಬೇಕು: ಚಿಕಿತ್ಸೆ ಕೊಡುತ್ತೇನೆಂದು ಬಂದವರ ನೋಂದಣಿ ಸಂಖ್ಯೆ ಕೇಳುವುದು ತಮ್ಮ ಹಕ್ಕು. ಕೆಲವೇ ವಾರಗಳ ತರಬೇತಿ ಪಡೆದವರು ಥೆರಪಿಸ್ಟ್ ಎಂದು ಹೇಳಿಕೊಂಡು ಮಗುವಿನ ಭಾಷೆ ಬೆಳೆಯಬೇಕಾದ ವಯಸ್ಸನ್ನು ವ್ಯರ್ಥ ಮಾಡುವುದನ್ನು ತಡೆಯಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಶಾಲೆಯ ಹುದ್ದೆಗಳು

ಸರ್ಕಾರಿ ವ್ಯವಸ್ಥೆಯಲ್ಲಿ ಮಕ್ಕಳನ್ನು ಗುರುತಿಸುವ ಕೆಲಸವನ್ನು ಆರೋಗ್ಯ ಇಲಾಖೆ ಮತ್ತು ಶಿಕ್ಷಣ ಇಲಾಖೆ ಹಂಚಿಕೊಂಡಿವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ತಂಡಗಳು ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಹೋಗಿ ಮಕ್ಕಳನ್ನು ತಪಾಸಣೆ ಮಾಡುತ್ತವೆ. ತೊಂದರೆ ಕಂಡ ಮಕ್ಕಳು ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಬರುತ್ತಾರೆ. ಈ ಕೇಂದ್ರದ ಸಿಬ್ಬಂದಿ ಪಟ್ಟಿಯಲ್ಲಿ ಆಡಿಯಾಲಜಿಸ್ಟ್ ಹಾಗೂ ಸ್ಪೀಚ್ ಥೆರಪಿಸ್ಟ್ ಹುದ್ದೆಯಿದೆ. ಶಿಕ್ಷಣ ಇಲಾಖೆಯ ಕಡೆಯಿಂದ ಸಮಗ್ರ ಶಿಕ್ಷಣ ಅಭಿಯಾನದಡಿ ಕರ್ನಾಟಕದ ತಾಲ್ಲೂಕುಗಳಲ್ಲಿ ಬಿಐಇಆರ್‌ಟಿ ಎಂದು ಕರೆಯಲಾಗುವ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರಿದ್ದಾರೆ. ಅವರು ಶಾಲೆಯಿಂದ ಶಾಲೆಗೆ ಓಡಾಡಿ ವಿಶೇಷ ಅಗತ್ಯವುಳ್ಳ ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಶಾಲೆಗೆ ಬರಲಾಗದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣ ನೀಡುತ್ತಾರೆ. ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ 2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯವುಳ್ಳ 10 ಮಕ್ಕಳಿಗೆ ಒಬ್ಬ, ಮುಂದಿನ ಹಂತಗಳಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂಬ ಅನುಪಾತವನ್ನು ಮುಂದಿಟ್ಟಿತು. ಈ ಅನುಪಾತ ವಿಶೇಷ ಶಿಕ್ಷಕರ ಕುರಿತದ್ದು. ವಾಕ್ ಚಿಕಿತ್ಸಕರಿಗೂ ಆಡಿಯಾಲಜಿಸ್ಟರಿಗೂ ಅನ್ವಯಿಸುವುದಿಲ್ಲ.

ಹೀಗಾಗಿ ನೋಂದಾಯಿತ ವಾಕ್–ಶ್ರವಣ ತಜ್ಞರು ಶಾಲೆಗೆ ಬರುವುದು ಹೆಚ್ಚಾಗಿ ಕಿವುಡು ಮಕ್ಕಳ ವಿಶೇಷ ಶಾಲೆಗಳ ಮೂಲಕ, ಸ್ವಯಂಸೇವಾ ಸಂಸ್ಥೆಗಳ ಯೋಜನೆಗಳ ಮೂಲಕ, ಮತ್ತು ಬೆಂಗಳೂರಿನಂಥ ನಗರಗಳ ಖಾಸಗಿ ಶಾಲೆಗಳಲ್ಲಿ ಪೂರ್ಣಕಾಲಿಕ ಅಥವಾ ವಾರದ ಕೆಲವು ದಿನಗಳ ನೇಮಕದ ಮೂಲಕ.

ಭಾಷೆಯ ಅರಿವು

ಪ್ರಮಾಣಪತ್ರ ಯಾವ ರಾಜ್ಯದಲ್ಲಿ ಪಡೆದರೂ ದೇಶಕ್ಕೆಲ್ಲ ನಡೆಯುತ್ತದೆ. ಮಗುವಿನ ಮಾತು ಮಾತ್ರ ಊರಿನದು. 'ಕಾಗೆ'ಯನ್ನು 'ತಾಗೆ', 'ಮರ'ವನ್ನು 'ಮಲ' ಎನ್ನುವ ಮಗುವಿನ ಉಚ್ಚಾರಣೆ ವಯಸ್ಸಿಗೆ ತಕ್ಕುದೋ ಅಲ್ಲವೋ ಎಂದು ತಜ್ಞರು ತೂಗಿ ನೋಡುತ್ತಾರೆ. 'ರ' ಮತ್ತು ಒತ್ತಕ್ಷರಗಳು ಮಕ್ಕಳಿಗೆ ತಡವಾಗಿ ಒಲಿಯುತ್ತವೆ. ಆದರೆ ಹಳೇ ಮೈಸೂರು ಭಾಗದ ಹಳ್ಳಿಯ ಮಗು 'ಹಾಲು' ಎನ್ನಲು 'ಆಲು' ಎಂದರೆ, 'ಭೂಮಿ'ಯನ್ನು 'ಬೂಮಿ' ಎಂದರೆ ಅದು ದೋಷವಲ್ಲ, ಆ ಊರಿನ ಆಡುನುಡಿ. ಮನೆಯಲ್ಲಿ ತುಳು, ಕೊಂಕಣಿ, ಉರ್ದು ಅಥವಾ ಲಂಬಾಣಿ ಆಡುವ ಮಗು ಶಾಲೆಯ ಕನ್ನಡದಲ್ಲಿ ತಡವರಿಸಿದರೆ ಅದನ್ನು ಭಾಷಾ ನ್ಯೂನತೆ ಎಂದು ಬರೆದುಬಿಡುವಂತಿಲ್ಲ. ಮನೆಮಾತಿನಲ್ಲೂ ಅದೇ ತೊಂದರೆ ಇದೆಯೇ ಎಂದು ನೋಡಬೇಕು.

ಇದಕ್ಕೆ ಕನ್ನಡದ್ದೇ ಪರೀಕ್ಷಾ ಸಾಮಗ್ರಿ ಬೇಕು, ಅದನ್ನು ರೂಪಿಸಿದವರೂ ಇದ್ದಾರೆ. ಬಾಬು, ರತ್ನ ಮತ್ತು ಬೆಟಗೇರಿ ಅವರ ಕನ್ನಡ ಉಚ್ಚಾರಣಾ ಪರೀಕ್ಷೆ 1972ರದು. ಪ್ರತಿಭಾ ಕಾರಂತ ಅವರ ಭಾಷಾ ಪರೀಕ್ಷೆ 1980ರಲ್ಲಿ ಬಂತು. ಆಶಾ ಯತಿರಾಜ್ ಮತ್ತು ವಿಜಯಲಕ್ಷ್ಮಿ 2005ರಲ್ಲಿ ಸಿದ್ಧಪಡಿಸಿದ ಕನ್ನಡ ಪದಪಟ್ಟಿ ಮಾತನ್ನು ಕೇಳಿ ಗುರುತಿಸುವ ಶಕ್ತಿಯನ್ನು ಅಳೆಯಲು ಬಳಕೆಯಲ್ಲಿದೆ. ಇಂಗ್ಲಿಷ್ ಪರೀಕ್ಷೆಯನ್ನು ಅನುವಾದಿಸಿಕೊಂಡರೆ ಸಾಲದು. 'ಳ'–'ಲ', 'ಣ'–'ನ' ವ್ಯತ್ಯಾಸಗಳಾಗಲಿ, ಕನ್ನಡದ ವಿಭಕ್ತಿ ಪ್ರತ್ಯಯಗಳಾಗಲಿ ಅದರಲ್ಲಿ ಇರುವುದಿಲ್ಲ. ಸಂಜ್ಞಾಭಾಷೆಯ ಅರಿವೂ ಇಷ್ಟೇ ಮುಖ್ಯ. ಕಿವುಡು ಮಗುವಿಗೆ ಭಾರತೀಯ ಸಂಜ್ಞಾಭಾಷೆ ಪೂರ್ಣ ಪ್ರಮಾಣದ ಭಾಷೆ. ಮಾತು ಬರಲೆಂದು ಆ ಭಾಷೆಯನ್ನು ಮಗುವಿನಿಂದ ದೂರವಿಡುವುದು ಸರಿಯಲ್ಲ.

ಇತರ ದೇಶಗಳಲ್ಲಿ

ಅಮೆರಿಕದಲ್ಲಿ ಅಂಗವಿಕಲ ಮಕ್ಕಳ ಶಿಕ್ಷಣದ ಕುರಿತ 1975ರ ಕಾನೂನು ಪ್ರತಿ ಅರ್ಹ ಮಗುವಿಗೂ ವೈಯಕ್ತಿಕ ಶಿಕ್ಷಣ ಯೋಜನೆಯನ್ನು ಕಡ್ಡಾಯ ಮಾಡಿದ್ದರಿಂದ ಶಾಲೆಯೇ ವಾಕ್ ಚಿಕಿತ್ಸಕರ ದೊಡ್ಡ ಉದ್ಯೋಗ ಕ್ಷೇತ್ರವಾಗಿದೆ. ಆಶಾ ಸಂಘದ ವಾಕ್ ಚಿಕಿತ್ಸೆಯ ಪ್ರಮಾಣಪತ್ರಕ್ಕೆ ಸ್ನಾತಕೋತ್ತರ ಪದವಿ, ಮೇಲ್ವಿಚಾರಣೆಯಲ್ಲಿ 400 ಗಂಟೆಗಳ ಕ್ಲಿನಿಕ್ ಅನುಭವ, ಪ್ರಾಕ್ಸಿಸ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ತೇರ್ಗಡೆ, ಆಮೇಲೆ ಕನಿಷ್ಠ 1260 ಗಂಟೆಗಳ ಫೆಲೊಶಿಪ್ ಬೇಕು. ಆಡಿಯಾಲಜಿಗೆ ಡಾಕ್ಟರೇಟ್ ಮಟ್ಟದ ಪದವಿಯೇ ಅಗತ್ಯ. ಇದರ ಮೇಲೆ ಹಲವು ರಾಜ್ಯಗಳ ಶಿಕ್ಷಣ ಇಲಾಖೆಗಳು ಶಾಲಾ ಕೆಲಸಕ್ಕೆಂದೇ ಬೇರೆ ಪರವಾನಗಿ ಕೇಳುತ್ತವೆ; ನ್ಯೂಯಾರ್ಕ್ ರಾಜ್ಯ ವಾಕ್–ಭಾಷಾ ನ್ಯೂನತೆಯ ವಿದ್ಯಾರ್ಥಿಗಳ ಶಿಕ್ಷಕ ಎಂಬ ಪ್ರಮಾಣಪತ್ರವನ್ನು ಕೊಡುತ್ತದೆ, ದ್ವಿಭಾಷಾ ಪರಿಣತಿಗೆ ಅದರಲ್ಲಿ ಹೆಚ್ಚುವರಿ ಮಾನ್ಯತೆಯಿದೆ. ಬ್ರಿಟನ್ನಿನಲ್ಲಿ ವಾಕ್ ಮತ್ತು ಭಾಷಾ ಚಿಕಿತ್ಸಕ ಎಂಬ ಹೆಸರನ್ನೇ ಕಾನೂನು ರಕ್ಷಿಸಿದೆ. ಆರೋಗ್ಯ ಮತ್ತು ಆರೈಕೆ ವೃತ್ತಿಗಳ ಪರಿಷತ್ತಿನಲ್ಲಿ ನೋಂದಾಯಿಸದವರು ಅದನ್ನು ಬಳಸುವಂತಿಲ್ಲ.

ಮೈಸೂರು, ಬೆಂಗಳೂರು, ಮಂಗಳೂರುಗಳಲ್ಲಿ ಓದಿದ ಅನೇಕರು ಈ ದೇಶಗಳಲ್ಲಿ ಕೆಲಸ ಮಾಡುತ್ತಿದ್ದಾರೆ. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ಐರ್ಲೆಂಡ್, ನ್ಯೂಜಿಲೆಂಡ್‌ಗಳ ವೃತ್ತಿ ಸಂಘಗಳ ನಡುವೆ ಪರಸ್ಪರ ಮಾನ್ಯತೆಯ ಒಪ್ಪಂದವಿದ್ದರೂ ಭಾರತ ಅದರಲ್ಲಿ ಸೇರಿಲ್ಲ. ಆದ್ದರಿಂದ ಇಲ್ಲಿನ ಪದವೀಧರರು ತಮ್ಮ ಅಂಕಪಟ್ಟಿ ಮತ್ತು ಕ್ಲಿನಿಕ್ ಗಂಟೆಗಳ ದಾಖಲೆಗಳನ್ನು ಪ್ರತ್ಯೇಕವಾಗಿ ಮೌಲ್ಯಮಾಪನ ಮಾಡಿಸಬೇಕಾಗುತ್ತದೆ. ಓದುವಾಗಲೇ ಪ್ರತಿ ಗಂಟೆಯ ಲೆಕ್ಕವನ್ನು ಮೇಲ್ವಿಚಾರಕರ ಸಹಿಯೊಂದಿಗೆ ಕಾಪಿಟ್ಟುಕೊಂಡವರಿಗೆ ಇದು ಹಗುರ.

ಆಗಬೇಕಾದ್ದು

ಭಾರತದ ನೋಂದಣಿ ಪದ್ಧತಿ ನಕಲಿ ವೃತ್ತಿಗಾರರಿಂದ ಮಕ್ಕಳನ್ನು ಕಾಪಾಡುವ ಭದ್ರ ತಳಹದಿಯನ್ನು ಹಾಕಿದೆ. ಶಾಲೆಯನ್ನು ಕೆಲಸದ ಸ್ಥಳವೆಂದು ಅದು ಇನ್ನೂ ಪ್ರತ್ಯೇಕವಾಗಿ ಎಣಿಸಿಲ್ಲ. ಕ್ಲಿನಿಕ್ಕಿನ ನಿಶ್ಶಬ್ದ ಕೋಣೆಯಲ್ಲಿ ಒಂದು ಮಗುವಿನೊಡನೆ ಕೂರುವುದಕ್ಕೂ ನಾಲ್ಕು ಕಡೆಯಿಂದ ಗದ್ದಲ ಬರುವ ತರಗತಿಯಲ್ಲಿ ಶಿಕ್ಷಕರೊಡನೆ ಸೇರಿ ಪಾಠವನ್ನು ಹೊಂದಿಸುವುದಕ್ಕೂ ಬೇಕಾದ ಕುಶಲತೆಗಳು ಬೇರೆ. ಕೇಳುವಿಕೆ ಕಡಿಮೆಯಿರುವ ಮಗುವಿಗೆ ಶಿಕ್ಷಕರ ದನಿ ಸುತ್ತಲಿನ ಗದ್ದಲಕ್ಕಿಂತ ಸುಮಾರು 15 ಡೆಸಿಬೆಲ್ ಮೇಲಿರಬೇಕೆಂಬುದು ತಜ್ಞರ ಶಿಫಾರಸು. ಫ್ಯಾನಿನ ಸದ್ದು, ತಗಡಿನ ಛಾವಣಿ, ಪಕ್ಕದ ತರಗತಿಯ ಬಾಯಿಪಾಠಗಳ ನಡುವೆ ಅದನ್ನು ಸಾಧಿಸಲು ಎಲ್ಲಿ ಕೂರಿಸಬೇಕು, ಶಿಕ್ಷಕರ ದನಿಯನ್ನು ನೇರವಾಗಿ ಮಗುವಿನ ಕಿವಿಗೆ ತಲುಪಿಸುವ ಎಫ್‌ಎಂ ಸಾಧನ ಯಾವಾಗ ಬೇಕು ಎಂಬುದನ್ನು ಶಾಲೆಯಲ್ಲೇ ನಿಂತು ಕಲಿಯಬೇಕು.

ಆದ್ದರಿಂದ ಇಂಟರ್ನ್‌ಶಿಪ್ಪಿನ ನಿಗದಿತ ಭಾಗವನ್ನು ಸಾಮಾನ್ಯ ಸರ್ಕಾರಿ ಶಾಲೆಗಳಲ್ಲಿ ಕಡ್ಡಾಯ ಮಾಡುವುದು, ನೋಂದಣಿಗೆ ಶಾಲಾ ಸೇವೆಯ ಪರಿಣತಿಯನ್ನು ಸೇರಿಸುವುದು, ತಾಲ್ಲೂಕಿಗೊಬ್ಬ ತಜ್ಞರನ್ನಾದರೂ ಶಿಕ್ಷಣ ಇಲಾಖೆಯ ಕಾಯಂ ಹುದ್ದೆಯಲ್ಲಿ ನೇಮಿಸುವುದು ಈ ಕ್ಷೇತ್ರದ ತುರ್ತು ಅಗತ್ಯಗಳು. ದೇಶಕ್ಕೆ ಈ ವಿದ್ಯೆಯನ್ನು ಕಲಿಸಿದ ಸಂಸ್ಥೆ ಕರ್ನಾಟಕದಲ್ಲಿದೆ; ಕನ್ನಡದ ಪರೀಕ್ಷಾ ಸಾಮಗ್ರಿಯೂ ತರಬೇತಿ ಪಡೆದ ಯುವಜನರೂ ಇಲ್ಲಿದ್ದಾರೆ. ಶಾಲೆಯಲ್ಲಿ ಅವರಿಗೊಂದು ಹುದ್ದೆ ಸೃಷ್ಟಿಸುವ ಮೊದಲ ಹೆಜ್ಜೆಯನ್ನು ಇಡಲು ಬೇರೆ ಯಾವ ರಾಜ್ಯಕ್ಕಿಂತಲೂ ಹೆಚ್ಚು ಅನುಕೂಲ ಕರ್ನಾಟಕಕ್ಕಿದೆ.